ಮೀಟರಿನ ಮೇಲೆ ಮಖಮಲ್ಲು

ಸ್ವಂತ ಕಾರಿರುವ ಮಗಳನ್ನು ಮನೆಯಲ್ಲಿ ಬಿಟ್ಟು ಎಪ್ಪತ್ತೆಂಟು ವರ್ಷದ ತಾಯಿ ಕೈಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದು ಹೋದರೆ ಬೀದಿಯವರು ಏನನ್ನುತ್ತಾರೆ? ಏನೂ ಅನ್ನುವುದಿಲ್ಲ. ಗೇಟಿನ ಹತ್ತಿರ ನಿಂತು ಮೊದಲು ತಾಯಿಯನ್ನು ನೋಡುತ್ತಾರೆ, ಆಮೇಲೆ ಕಾರನ್ನು ನೋಡುತ್ತಾರೆ, ಕೊನೆಗೆ ಮಗಳನ್ನು ನೋಡುತ್ತಾರೆ. ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ನಾಲ್ಕು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ಇದೇ ನಡೆಯಿತು. ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು. ನನ್ನನ್ನು ಹಾಗೆ ನೋಡುವ ಧೈರ್ಯ ಇಷ್ಟು ವರ್ಷದಲ್ಲಿ ಯಾವ ತರಗತಿಗೂ ಬಂದಿರಲಿಲ್ಲ.

ಇದಕ್ಕೆಲ್ಲ ಕಾರಣ ಒಂದು ಬಿರುಕು.

ನನ್ನ ಕಾರು ಹಳೆಯದು. ಬಣ್ಣ ಬಿಳಿ ಎಂದು ಕಾಗದದಲ್ಲಿ ಬರೆದಿದೆ. ಅದನ್ನು ಓಡಿಸಿಕೊಂಡು ದಿನಾ ಕೆ.ಜಿ.ಎಫ್. ದಾಟಿ ಕ್ಯಾಸಂಬಳ್ಳಿಯ ಶಾಲೆಗೆ ಹೋಗುತ್ತೇನೆ. ಶಾಲೆಯ ಅಂಗಳದಲ್ಲಿ ಇರುವುದು ಒಂದೇ ಹೊಂಗೆಮರ, ಅದರ ನೆರಳು ಹೆಡ್‌ಮಾಸ್ಟರರ ಸ್ಕೂಟರಿಗೆ ಮೀಸಲು. ಸ್ಕೂಟರಿನ ಸೀಟು ಕಾದರೆ ಕೂರುವುದು ಕಷ್ಟ ಎಂಬುದು ಅವರ ವಾದ. ಹತ್ತು ವರ್ಷ ನನ್ನ ಕಾರು ಬಟಾಬಯಲಿನಲ್ಲಿ ಬೆಂದಿತು. ಸ್ಟೀರಿಂಗಿನ ಮುಂದೆ ಮೀಟರುಗಳ ಮೇಲೆ ಗೂಡಿನ ಹಾಗೆ ಕವಿದಿರುವ ಭಾಗವಿದೆಯಲ್ಲ, ಅದು ಮೊದಲು ಬಣ್ಣಗೆಟ್ಟಿತು, ಆಮೇಲೆ ಅಂಟಂಟಾಯಿತು, ಕೊನೆಗೆ ಬಿರಿಯಿತು. ಬಿರುಕು ಅಲ್ಲಿಂದ ಹೊರಟು ಡ್ಯಾಶ್‌ಬೋರ್ಡಿನ ಉದ್ದಕ್ಕೂ ಎಡಕ್ಕೆ ನಡೆದು, ಅಮ್ಮ ಕೂರುವ ಸೀಟಿನ ಎದುರಿಗೆ ಬಂದು ನಿಂತಿತು. ಅಳೆದು ನೋಡಿದೆ, ಎರಡು ಗೇಣಿಗೆ ಸ್ವಲ್ಪ ಕಡಿಮೆ.

ಅಮ್ಮನಿಗೆ ವಾರವಿಡೀ ಇರುವ ಸಂತೋಷ ಒಂದೇ. ಭಾನುವಾರ ಮುಂದಿನ ಸೀಟಿನಲ್ಲಿ ಕೂತು ಬೂದಿಕೋಟೆಗೆ ಹೋಗಿ ತಂಗಿಯನ್ನು ಮಾತಾಡಿಸಿ ಬರುವುದು. ದಾರಿಯಲ್ಲಿ ಯಾರ ಹೊಲದಲ್ಲಿ ರಾಗಿ ಎಷ್ಟೆತ್ತರ ಬಂದಿದೆ, ಯಾರ ಮನೆಗೆ ಹೊಸ ಸುಣ್ಣ, ಯಾವ ಎಮ್ಮೆ ಯಾರದು, ಎಲ್ಲವನ್ನೂ ಗಟ್ಟಿಯಾಗಿ ಹೇಳುತ್ತಾ ಹೋಗುತ್ತಾಳೆ. ಅಂಥ ಒಂದು ಭಾನುವಾರ, ಅರ್ಧ ದಾರಿಯಲ್ಲಿ, ಆ ಬಿರುಕು 'ಟಪ್' ಎಂದು ಸದ್ದು ಮಾಡಿ ಇನ್ನೆರಡು ಅಂಗುಲ ಮುಂದೆ ಹೋಯಿತು. ಬೂದಿಕೋಟೆ ತಲುಪಿದರೆ, ಚಿಕ್ಕಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುವಾಗ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು.

"ಎಷ್ಟೊತ್ತಿಗೆ ಬಿದ್ದೆ?" ಅಂತ ಅಮ್ಮ ಕೇಳಿದಳು.

"ಈಗ್ತಾನೆ ಕಣಕ್ಕ, ಅರ್ದ ಗಂಟೆ ಆಗಿರ್ಬೌದು."

ಅಮ್ಮ ತಿರುಗಿ ನನ್ನ ಮುಖ ನೋಡಿದಳು. "ಅಲ್ಲಿ ಒಡೀತು, ಇಲ್ಲಿ ಮುರೀತು," ಅಂದಳು. ಅಲ್ಲಿಗೆ ತೀರ್ಮಾನವಾಯಿತು. ಬಿಸಿಲಿಗೆ ಪ್ಲಾಸ್ಟಿಕ್ ಬಿರಿಯುವುದಕ್ಕೂ ಚಿಕ್ಕಮ್ಮನ ಕೈಗೂ ಸಂಬಂಧವಿಲ್ಲ ಎಂದು ನಾನು ಒಂದು ಗಂಟೆ ವಿವರಿಸಿದೆ. ಲೆಕ್ಕದಲ್ಲಿ ಇದನ್ನು ಆಕಸ್ಮಿಕ ಎನ್ನುತ್ತಾರೆ ಎಂದೂ ಹೇಳಿದೆ. "ಒಡಕು ಮಡಕೆ ಒಲೆ ಮೇಲೆ ಇಡಲ್ಲ, ಒಡಕು ಕನ್ನಡಿ ಗೋಡೆ ಮೇಲೆ ಇಡಲ್ಲ, ಒಡಕು ಅಲಗೆ ಮುಂದಿಟ್ಕೊಂಡು ಪಯಣ ಓಗ್ತಾರಾ? ನಿನ್ ಲೆಕ್ಕ ಸ್ಕೂಲ್ನಾಗೆ ಮಡೀಕೋ," ಅಂದು ಅಮ್ಮ ಅಂದಿನಿಂದಲೇ ಬಸ್ಸು ಹಿಡಿದಳು.

ಅವಳ ಎರಡು ಮೊಣಕಾಲೂ ಸವೆದಿವೆ. ಬಸ್ಸಿನ ಮೊದಲ ಮೆಟ್ಟಿಲು ಅವಳ ಸೊಂಟದ ಎತ್ತರ. ಕಂಡಕ್ಟರು ಮೇಲಿನಿಂದ ಎಳೆಯಬೇಕು, ಕೆಳಗಿನಿಂದ ಯಾರಾದರೂ ಪುಣ್ಯಾತ್ಮರು ತಳ್ಳಬೇಕು. ಮೂರನೇ ತಿಂಗಳಲ್ಲಿ ಒಮ್ಮೆ ಎಳೆಯುವವನು ಎಳೆದು ತಳ್ಳುವವರು ಇಲ್ಲದೆ ಅವಳು ಜಾರಿ ಮೊಣಕಾಲ ಕೆಳಗೆ ಅಂಗೈಯಗಲ ತರಚಿಕೊಂಡು ಬಂದಳು. ಅರಿಶಿನ ಹಚ್ಚುತ್ತಾ ನನಗೆ ಸಿಟ್ಟಿನಲ್ಲಿ ಅಳು ಬಂತು. ಇನ್ನೊಮ್ಮೆ ಬಿದ್ದರೆ ಏಳುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಮುಂದಿನ ಭಾನುವಾರ ಕೈಚೀಲ ಸಿದ್ಧವಾಗಿತ್ತು.

ನಾನು ಕೈ ಕಟ್ಟಿ ಕೂತಿರಲಿಲ್ಲ. ಮೊದಲು ಡ್ಯಾಶ್‌ಬೋರ್ಡಿನ ಮೇಲೆ ಹಾಸುವ ಕಪ್ಪು ಮ್ಯಾಟು ತಂದೆ. ಅಮ್ಮ ಅದರ ಮೂಲೆ ಎತ್ತಿ ನೋಡಿ, "ಹುಣ್ಣಿನ ಮ್ಯಾಗೆ ಬಟ್ಟೆ ಒದ್ಸಿದ್ರೆ ಹುಣ್ಣು ಓಯ್ತದಾ?" ಅಂದಳು. ಆಮೇಲೆ ಎರಡು ಬಣ್ಣದ ಮುದ್ದೆಯನ್ನು ಕಲಸಿ ತುಂಬುವ ಗಟ್ಟಿ ಗೋಂದು ತಂದು ನಾನೇ ಮೆತ್ತಿದೆ. ಬಿರುಕು ಮುಚ್ಚಿತು, ಅದರ ಜಾಗದಲ್ಲಿ ಎರಡು ಗೇಣುದ್ದದ ಒಂದು ಜೆರಿಹುಳ ಮಲಗಿದಂತಾಯಿತು. ಅದನ್ನು ನೋಡಿ ಅಮ್ಮ ಕೈಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟಳು. ಮೊದಲಿನದೇ ವಾಸಿ ಎಂದು ನನಗೂ ಅನ್ನಿಸಿತು.

ಕೊನೆಗೆ ನಮ್ಮ ಮೆಕ್ಯಾನಿಕ್ಕು ಹೇಳಿದ: "ಮೇಡಂ, ಇದಕ್ಕೆ ಮೇಲಿನ ಚರ್ಮ ಕಿತ್ತು ಹೊಸದಾಗಿ ಹೊಲೀಬೇಕು. ಊರಿಗಾಂನಾಗೆ ಒಬ್ರು ಅವ್ರೆ, ಮೊದ್ಲು ಗಣಿ ಆಫೀಸರುಗಳ ಕಾರಿಗೆಲ್ಲ ಸೀಟು ಹೊಲೀತಿದ್ರು. ಈಗ ಏನ್ ಮಾಡ್ತಾರೋ ಗೊತ್ತಿಲ್ಲ, ಆದ್ರೆ ಕೈ ಮಾತ್ರ ಕೈ."

ಈಗ ಏನು ಮಾಡುತ್ತಾರೆ ಎಂದು ಅವನೂ ವಿಚಾರಿಸಲಿಲ್ಲ, ನಾನೂ ವಿಚಾರಿಸಲಿಲ್ಲ.

ಕೆ.ಜಿ.ಎಫ್.ನ ಊರಿಗಾಂನಲ್ಲಿ ಗಣಿ ಕೆಲಸದವರ ಲೈನು ಮನೆಗಳ ಕೊನೆಗೆ ತಗಡಿನ ಮಾಡಿನ ಒಂದು ಅಂಗಡಿ. ಒಳಗೆ ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಮಿಷನ್ನು, ಗೋಡೆಗೆ ಒರಗಿಸಿದ ಬಟ್ಟೆಯ ರೋಲುಗಳು. ಪಕ್ಕದಲ್ಲೇ ಬಡಗಿಯ ಅಂಗಡಿ. ಬಡಗಿ ಒಂದು ಉದ್ದನೆಯ ಪೆಟ್ಟಿಗೆಗೆ ಪಾಲಿಶ್ ಪೇಪರ್ ತಿಕ್ಕುತ್ತಿದ್ದ. ನಾವು ಹಳ್ಳಿಯಿಂದ ಬಂದವರು. ರಾಗಿ ತುಂಬಿಡುವ ಪೆಟ್ಟಿಗೆ ಇರಬೇಕು, ಇಷ್ಟು ಉದ್ದ ಮಾಡಿ ಅಗಲ ಕಡಿಮೆ ಮಾಡಿದ್ದಾನಲ್ಲ, ಎಷ್ಟು ಮೂಟೆ ಹಿಡಿದೀತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಟೈಲರಿಗೆ ಅರವತ್ತೈದಿರಬಹುದು. ತೆಳ್ಳಗೆ, ಕೊರಳಲ್ಲಿ ಅಳತೆ ಟೇಪು. ಕಾರು ಬಂದು ನಿಂತದ್ದನ್ನು ಕಂಡು ಮಿಷನ್ನಿನ ಮುಂದಿನಿಂದ ಎದ್ದೇ ಬಿಟ್ಟರು. ಒಳಗೆ ಕೂತು ಕಣ್ಣು ಮುಚ್ಚಿ ಬಿರುಕಿನ ಉದ್ದಕ್ಕೂ ಬೆರಳಾಡಿಸಿದರು. ನನ್ನ ಗೋಂದಿನ ಜೆರಿ ಸಿಕ್ಕಾಗ ಕಣ್ಣು ತೆರೆದರು.

"ಇದು ಯಾರು ಮಾಡಿದ್ದು ಟೀಚರಮ್ಮ?"

"ಯಾರೋ ಗೊತ್ತಿಲ್ಲದವರು."

"ಪರವಾಗಿಲ್ಲ. ಮೇಲಿನ ಚರ್ಮ ಮಾತ್ರ ಹೋಗಿರೋದು, ಎಲುಬು ಗಟ್ಟಿ ಇದೆ. ನೀವು ಒಂದೂ ಕವಲೆ ಪಡಬೇಡಿ, ಚಿಂತೆ ಬಿಡಿ." ಡ್ಯಾಶ್‌ಬೋರ್ಡನ್ನೇ ಬಿಚ್ಚಿ ಹೊರಗೆ ತೆಗೆದು, ಹಳೆಯದನ್ನೆಲ್ಲ ಕೆರೆದು, ಸಂದು ತುಂಬಿ ನುಣುಪು ಮಾಡಿ, ಮೇಲೆ ತೆಳ್ಳನೆಯ ಫೋಮು ಅಂಟಿಸಿ, ಅದರ ಮೇಲೆ ಬಟ್ಟೆ ಎಳೆದು ಹೊಲಿಯುತ್ತೇನೆ ಎಂದು ಕೈಯಲ್ಲೇ ಗಾಳಿಯಲ್ಲಿ ಮಾಡಿ ತೋರಿಸಿದರು. ನಾನು ಕಪ್ಪು ರೆಕ್ಸಿನ್, ಸಾದಾ, ಯಾವ ಗೆರೆಯೂ ಬೇಡ ಎಂದೆ. ಗ್ರಾಫ್ ಹಾಳೆಯಲ್ಲಿ ಅಳತೆ ಸಮೇತ ಚಿತ್ರ ಬರೆದುಕೊಂಡು ಹೋಗಿದ್ದೆ, ಅದನ್ನು ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಈಸಿಕೊಂಡು, ಮಡಿಸಿ ಜೇಬಿಗಿಟ್ಟುಕೊಂಡರು. ಆ ಹಾಳೆ ಆಮೇಲೆ ಜೇಬಿನಿಂದ ಹೊರಗೆ ಬಂದಂತೆ ಕಾಣಲಿಲ್ಲ.

"ಮುಂದೆ ಯಾರು ಕೂತ್ಕೊಳ್ಳೋದು?"

"ನನ್ನ ತಾಯಿ. ಎಪ್ಪತ್ತೆಂಟು ವರ್ಷ. ಒಡಕು ಇದೆ ಅಂತ ಕಾರೇ ಹತ್ತುತ್ತಿಲ್ಲ. ಅವರ ಮನಸ್ಸಿಗೆ ಸಮಾಧಾನ ಆಗಬೇಕು, ಅಷ್ಟೇ."

"ಎಪ್ಪತ್ತೆಂಟಾ?" ಅವರ ಮುಖ ತುಂಬಾ ಮೆತ್ತಗಾಯಿತು. "ಸಮಾಧಾನ ತಾನೆ? ಅದು ನನಗೆ ಬಿಡಿ. ಅಮ್ಮನವರು ಎಷ್ಟು ಉದ್ದ ಇದ್ದಾರೆ?"

ಸೀಟಿನ ಎತ್ತರ ಸರಿಮಾಡುವುದಕ್ಕೆ ಇರಬೇಕು ಎಂದುಕೊಂಡು ನಾನು ನಾಲ್ಕಡಿ ಹತ್ತಂಗುಲ ಎಂದು ಹೇಳಿ, ಕಾರು ಬಿಟ್ಟು, ಬಸ್ಸಿನಲ್ಲಿ ಮನೆಗೆ ಬಂದೆ. ಸೀಟಿಗೆಂದು ನಿನ್ನ ಅಳತೆಯನ್ನೂ ಕೇಳಿದರು ಎಂದು ಅಮ್ಮನಿಗೆ ಹೇಳಿದೆ.

ನಾಲ್ಕು ದಿನದ ನಂತರ ಶನಿವಾರ ಮಧ್ಯಾಹ್ನ ಹೋದೆ. ಅವರು ಕಾರಿನ ಬಾಗಿಲು ತೆಗೆದು, ಡ್ಯಾಶ್‌ಬೋರ್ಡಿನ ಮೇಲೆ ಮುಚ್ಚಿದ್ದ ಹಳೆಯ ಲುಂಗಿಯನ್ನು ನಿಧಾನವಾಗಿ ಎಳೆದರು.

ನಾನು ಕೇಳಿದ್ದು ಕಪ್ಪು ರೆಕ್ಸಿನ್. ಅಲ್ಲಿದ್ದದ್ದು ಮೆರೂನ್ ಮಖಮಲ್ಲು. ಅಂಗೈ ಇಟ್ಟರೆ ಹುದುಗುವಷ್ಟು ಮೆತ್ತೆ. ಅದರ ಮೇಲೆ ಓರೆ ಗೆರೆಯ ಹೊಲಿಗೆ ಹಾಕಿ ಚೌಕ ಚೌಕ ಮಾಡಿ, ಗೆರೆ ಕೂಡುವ ಕಡೆಯೆಲ್ಲ ಅದೇ ಬಟ್ಟೆ ಸುತ್ತಿದ ಗುಂಡಿ ಕೂರಿಸಿದ್ದರು. ಅಂಚಿಗೆ ಬಂಗಾರದ ಬಣ್ಣದ ಜರಿಪಟ್ಟಿ. ಮೀಟರಿನ ಗೂಡಿನಿಂದ ಅದೇ ಜರಿಯ ಕುಚ್ಚು ಸಾಲಾಗಿ ಇಳಿಬಿದ್ದು, ಅರವತ್ತರಿಂದ ಮೇಲಿನ ವೇಗವನ್ನೆಲ್ಲ ಮುಚ್ಚಿಬಿಟ್ಟಿತ್ತು. ಅಮ್ಮನ ಸೀಟಿನ ಎದುರಿನ ಪುಟ್ಟ ಡಬ್ಬಿಯ ಬಾಗಿಲು ತೆಗೆದರೆ ಒಳಗೆಲ್ಲ ನೆರಿಗೆ ಹಿಡಿದ ಬಿಳಿ ಸ್ಯಾಟಿನ್. ಅದರೊಳಗೆ ಅದೇ ಸ್ಯಾಟಿನ್ನಿನ ಒಂದು ಪುಟ್ಟ ದಿಂಬು.

"ದಿಂಬು ಯಾಕೆ?"

"ಅದು ಜೊತೇಲಿ ಬರುತ್ತೆ ಟೀಚರಮ್ಮ."

ನನ್ನ ಪಿತ್ತ ನೆತ್ತಿಗೇರಿತು. ಸರ್ಕಾರಿ ಶಾಲೆಯ ಮೇಷ್ಟ್ರಮ್ಮ ನಾಟಕ ಕಂಪನಿಯ ರಾಜನ ಹಾಗೆ ತಿರುಗಬೇಕೆ? ಬಾಯಿ ತೆರೆದೆ. ಅವರು ಕೈ ಕಟ್ಟಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು, ಉತ್ತರ ಪತ್ರಿಕೆ ಕೊಟ್ಟು ಮೇಜಿನ ಪಕ್ಕ ನಿಂತ ಹುಡುಗರ ಹಾಗೆ. ಬಾಯಿ ಮುಚ್ಚಿಕೊಂಡು, "ಪರವಾಗಿಲ್ಲ," ಅಂದೆ.

"ಹೊಲಿಗೆ ನೋಡಿದ್ರಾ?"

"ನೋಡಿದೆ, ನೋಡಿದೆ," ಅಂದೆ. ನೋಡಿರಲಿಲ್ಲ. ಗಡಿಯಾರ ನೋಡುತ್ತಿದ್ದೆ.

ಅಮ್ಮ ಏನನ್ನುತ್ತಾಳೋ ಎಂದು ಹೆದರಿಕೊಂಡೇ ಮನೆಯ ಮುಂದೆ ಕಾರು ನಿಲ್ಲಿಸಿದೆ. ಅವಳು ಮೆಟ್ಟಿಲಿಳಿದು ಬಂದು, ಬಾಗಿಲು ತೆಗೆಸಿ, ಕನ್ನಡಕ ಒರೆಸಿ ಹಾಕಿಕೊಂಡು ನೋಡಿದಳು. ಮೊದಲು ಒಂದು ಬೆರಳು ಇಟ್ಟಳು, ಆಮೇಲೆ ಇಡೀ ಅಂಗೈ ಇಟ್ಟಳು. "ಅರಮನೆ ಇದ್ದಂಗೈತಲ್ಲೇ," ಅಂದಳು. ಹತ್ತಿ ಕೂತಳು. ಸಂಜೆಯವರೆಗೂ ಇಳಿಯಲಿಲ್ಲ. ಎದುರುಮನೆಯವರನ್ನು ಕರೆದು, ಡಬ್ಬಿಯ ಬಾಗಿಲು ತೆಗೆದು ತೆಗೆದು ಬಿಳಿ ನೆರಿಗೆಯನ್ನು ತೋರಿಸಿದಳು. ದಿಂಬು ಅವಳ ಕತ್ತಿಗೆ ಸರಿಯಾಗಿ ಕೂತಿತು. ಮರುದಿನ ಕೈಚೀಲ ಬಸ್ ಸ್ಟ್ಯಾಂಡಿನ ಕಡೆಗೆ ಹೋಗದೆ ನನ್ನ ಕಾರಿನ ಹಿಂದಿನ ಸೀಟಿಗೆ ಬಂತು. ಬೂದಿಕೋಟೆಯಲ್ಲಿ ಚಿಕ್ಕಮ್ಮನೂ ಇನ್ನೂ ಪೂರ್ತಿ ನೆಟ್ಟಗಾಗದ ಕೈ ಹಿಡಿದುಕೊಂಡು ಒಂದು ಸುತ್ತು ಬಂದಳು. ನನಗೆ ಎಷ್ಟು ಹಗುರವಾಯಿತೆಂದರೆ, ಕುಚ್ಚಿನ ಮೇಲಿನ ಸಿಟ್ಟೂ ಹೋಯಿತು. ಹೇಗೂ ನಾನು ನಲವತ್ತು ದಾಟಿ ಓಡಿಸಿದವಳಲ್ಲ.

ಆದರೆ ಸೋಮವಾರದಿಂದ ಕೆ.ಜಿ.ಎಫ್. ರಸ್ತೆಯಲ್ಲಿ ಏನೋ ಬದಲಾಗಿತ್ತು. ಆಟೋದವರು ಹಾರನ್ ಹೊಡೆಯದೆ ದಾರಿ ಬಿಡುತ್ತಿದ್ದರು. ಸರ್ಕಲ್ಲಿನಲ್ಲಿ ನಿಂತಿದ್ದ ಒಬ್ಬ ಮುದುಕರು ನನ್ನ ಕಾರಿನ ಗಾಜಿನ ಕಡೆ ನೋಡಿ ತಲೆಗೆ ಕಟ್ಟಿದ್ದ ಟವಲ್ಲು ತೆಗೆದರು. ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರು ಬದಿಗೆ ನಿಂತೇ ಬಿಟ್ಟರು. ನನ್ನ ಹಳೆಯ ವಿದ್ಯಾರ್ಥಿಗಳಿರಬೇಕು, ಲೆಕ್ಕ ಕಲಿಸಿದ ಋಣ ಈಗಲಾದರೂ ನೆನಪಾಯಿತಲ್ಲ ಎಂದು ನಾನು ಕೈ ಬೀಸಿಕೊಂಡು ಹೋದೆ. ನಾಲ್ಕು ದಿನ ಬೀಸಿದೆ.

ಶುಕ್ರವಾರ ನಮ್ಮ ಡ್ರಿಲ್ ಮಾಸ್ಟರರ ಬೈಕು ಕೆಟ್ಟಿತ್ತು. ಅವರು ಕೆ.ಜಿ.ಎಫ್.ನವರೇ, ಆಂಡರ್ಸನ್‌ಪೇಟೆಯವರು. ಶಾಲೆ ಬಿಟ್ಟ ಮೇಲೆ ನನ್ನ ಕಾರು ಹತ್ತಿದರು. ಹತ್ತಿದವರು ಮಾತು ನಿಲ್ಲಿಸಿ ಮೊಣಕಾಲು ಜೋಡಿಸಿ ಕೂತರು. ಸೀಟಿಯನ್ನೂ ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಎರಡು ಮೈಲಿ ಆದ ಮೇಲೆ ಕೇಳಿದರು:

"ಮೇಡಂ, ಇದು ಊರಿಗಾಂ ಕೆಲಸಾನಾ?"

"ಹೌದು. ಹೇಗೆ ಗೊತ್ತಾಯ್ತು?"

"ನಮ್ಮಜ್ಜಿಗೂ ಇದೇ ಬಟ್ಟೆ, ಇದೇ ಗುಂಡಿ."

"ಅಜ್ಜಿ ಕಾರು ಇಟ್ಟಿದ್ದರಾ?"

"ಕಾರಲ್ಲ ಮೇಡಂ. ಪೆಟ್ಟಿ."

ನನಗೆ ಅರ್ಥವಾಗಲಿಲ್ಲ. ಅವರು ಕಿಟಕಿಯ ಆಚೆ ನೋಡಿಕೊಂಡು, ಆದಷ್ಟು ಮೆತ್ತಗೆ ಬಿಡಿಸಿ ಹೇಳಿದರು. ಗಣಿ ಮುಚ್ಚಿದ ಮೇಲೆ ಆ ಟೈಲರಿಗೆ ಕಾರಿನ ಸೀಟಿನ ಕೆಲಸ ನಿಂತುಹೋಯಿತು. ಪಕ್ಕದ ಬಡಗಿ ಶವಪೆಟ್ಟಿಗೆ ಮಾಡುತ್ತಾನೆ, ಇವರು ಅದರ ಮೇಲಕ್ಕೂ ಒಳಕ್ಕೂ ಬಟ್ಟೆ ಹಾಕುತ್ತಾರೆ. ಮೇಲೆ ಮೆರೂನ್ ಮಖಮಲ್ಲು, ಒಳಗೆ ಬಿಳಿ ಸ್ಯಾಟಿನ್. ಕೆ.ಜಿ.ಎಫ್.ನಲ್ಲಿ ಮಣ್ಣು ಮಾಡುವ ಮನೆಯವರಿಗೆಲ್ಲ ಆ ಕೆಲಸ ದೂರದಿಂದಲೇ ಗುರುತು ಸಿಗುತ್ತದೆ. "ತುಂಬಾ ನೀಟಾಗಿ ಮಾಡ್ತಾರೆ ಮೇಡಂ," ಎಂದು ಕೊನೆಗೆ ಸೇರಿಸಿದರು.

"ದಿಂಬು?" ಅಂದೆ.

"ದಿಂಬೂ ಅಷ್ಟೇ."

ಅಮ್ಮನ ಉದ್ದ ಎಷ್ಟು ಎಂದು ಕೇಳಿದ್ದು ಆಗ ನೆನಪಾಗಿ ಮೈ ಉರಿದುಹೋಯಿತು. ನೇರ ಹೋಗಿ ಆ ಮನುಷ್ಯರ ಕೊರಳ ಟೇಪನ್ನೇ ಹಿಡಿದು ಕೇಳಬೇಕೆನಿಸಿತು. ಮನೆಗೆ ಬಂದು ನೋಡಿದರೆ ಅಮ್ಮ ಬಾಗಿಲಲ್ಲಿ ಕಾಯುತ್ತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ ಇತ್ತು, ಮಖಮಲ್ಲಿನ ಧೂಳು ಒರೆಸುವುದಕ್ಕೆ. ನಾನು ಏನು ಹೇಳಲಿ? ಬಿರುಕು ಬಿಟ್ಟ ಪ್ಲಾಸ್ಟಿಕ್ಕಿಗೇ ನಾಲ್ಕು ತಿಂಗಳು ಬಸ್ಸು ಹತ್ತಿದವಳು, ಇದು ತಿಳಿದರೆ ಕಾರಿನ ಮುಖ ನೋಡುವಳೇ? ಮತ್ತೆ ಆ ಮೆಟ್ಟಿಲು, ಆ ಕಂಡಕ್ಟರು, ಆ ಮೊಣಕಾಲು. ಹೇಳಬಾರದು ಎಂದು ಗಟ್ಟಿಮಾಡಿಕೊಂಡೆ. ಬೂದಿಕೋಟೆ ಬೇರೆ ದಿಕ್ಕು, ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅಮ್ಮನನ್ನು ಕೆ.ಜಿ.ಎಫ್. ಕಡೆಗೆ ಕರೆದೊಯ್ಯದಿದ್ದರೆ ಆಯಿತು.

ಹೀಗೆ ಒಂದು ವಾರ ದಾಟಿತು. ಮುಂದಿನ ಶನಿವಾರ ಅಮ್ಮ, "ಮೊಣಕಾಲೆಣ್ಣೆ ಮುಗಿದೋಗೈತೆ, ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಓಗಾಣ," ಅಂದಳು.

"ನಾನೇ ತಂದುಕೊಡ್ತೀನಿ, ನೀನ್ಯಾಕೆ?"

"ನಾನ್ಯಾಕೆ ಬರ್ಬಾರ್ದು?"

"ಬಿಸಿಲಮ್ಮ."

"ಬೂದಿಕೋಟೇಲಿ ಬಿಸ್ಲು ಇಲ್ವಾ?" ಅಂದು ಹತ್ತಿ ಕೂತಳು. ನಾನು ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಎರಡನೇ ಸುಳ್ಳು ಬಾಯಿಗೆ ಬರಲಿಲ್ಲ.

ಮಾರ್ಕೆಟ್ಟಿನ ಹತ್ತಿರ ಕಾರು ನಿಲ್ಲಿಸಿ ಎಣ್ಣೆಗೆ ಓಡಿದೆ. ಎರಡೇ ನಿಮಿಷ. ಬರುವಷ್ಟರಲ್ಲಿ ಹೂವಿನಾಕೆಯೊಬ್ಬಳು ಕಿಟಕಿಯಲ್ಲಿ ತಲೆ ಹಾಕಿ, ಅಮ್ಮನ ಕೈ ಹಿಡಿದು, "ಯಾರಮ್ಮಾ ಪೋಯ್ಟಾಂಗ?" ಎಂದು ಮರುಗುತ್ತಿದ್ದಳು. ಯಾರು ತೀರಿಕೊಂಡರು ಎಂದು. ನಮ್ಮ ಕಡೆ ಮೂರು ಭಾಷೆ ಬಾರದವರು ಯಾರಿದ್ದಾರೆ? ಅಮ್ಮನಿಗೆ ಚೆನ್ನಾಗಿ ಅರ್ಥವಾಗಿತ್ತು. ಮಡಿಲಲ್ಲಿ ಎರಡು ಮೊಳ ಸೇವಂತಿಗೆ ಬಿದ್ದಿತ್ತು.

"ಯಾರೂ ಓಗಿಲ್ಲ ಕಣಮ್ಮ. ಯಾಕೆ ಇಂಗ್ ಕೇಳ್ತೀಯ?"

ಹೂವಿನಾಕೆ ಮಖಮಲ್ಲು ಮುಟ್ಟಿ ತೋರಿಸಿದಳು. "ಈ ಬಟ್ಟೆ ನಮ್ಮೂರಲ್ಲಿ ಪೆಟ್ಟಿಗೇನೇ ಹಾಕೋದಮ್ಮ. ಸಾವಿನ ಪೆಟ್ಟಿಗೆ." ಆಮೇಲೆ ನನ್ನ ಮುಖ ನೋಡಿ, ತಾನು ಏನೋ ಕೆಡಿಸಿದೆನೆಂದು ತಿಳಿದು, ಹೂವನ್ನೂ ವಾಪಸು ಕೇಳದೆ ಹೋದಳು.

ನಾನು ಕಾರು ಹತ್ತಿ ಕೂತೆ. ಅಮ್ಮ ಎದುರಿಗೆ ನೋಡುತ್ತಿದ್ದಳು.

"ನಿಂಗೆ ಗೊತ್ತಿತ್ತಾ?"

"ಒಂದು ವಾರದಿಂದ."

"ಅವನ ಅಂಗಡಿಗೆ ಬಿಡು."

"ಅಮ್ಮ, ಮನೆಗೆ ಹೋಗೋಣ. ನಾನೇ ಕಿತ್ತು ಹಾಕಿಸ್ತೀನಿ."

"ಬಿಡು ಅಂದೆ."

ಊರಿಗಾಂವರೆಗೂ ಅವಳು ಯಾರ ಎಮ್ಮೆಯನ್ನೂ ಗುರುತಿಸಲಿಲ್ಲ. ಇನ್ನು ಇವಳು ಕಾರು ಹತ್ತುವುದು ಇದೇ ಕೊನೆ ಎಂದು ನನಗೆ ಖಾತ್ರಿಯಾಯಿತು.

ಟೈಲರು ಕಾರಿನ ಸದ್ದಿಗೇ ಹೊರಗೆ ಬಂದರು. ಕಿಟಕಿಯಲ್ಲಿ ಅಮ್ಮನನ್ನು ಕಂಡು ಮುಖ ಅರಳಿತು. "ಇವರೇನಾ ಅಮ್ಮನವರು? ನಮಸ್ಕಾರಂ ಅಮ್ಮ. ಸೌಕರ್ಯವಾಗಿದೆಯಾ?"

"ಏನಪ್ಪ," ಅಂದಳು ಅಮ್ಮ, "ಇದು ಸತ್ತೋರಿಗೆ ಆಕೋ ಬಟ್ಟೆಯಂತಲ್ಲ?"

ಅರಳಿದ ಮುಖ ಹಾಗೇ ನಿಂತಿತು. ಅವರು ಸುಳ್ಳು ಹೇಳಲಿಲ್ಲ. "ರೋಲು ಅದೇ ಅಮ್ಮ. ಇಲ್ಲ ಅನ್ನಲ್ಲ. ಟೀಚರಮ್ಮ ಕರಿ ರೆಕ್ಸಿನ್ ಅಂದ್ರು. ಅದು ಸೈಕಲ್ ಸೀಟಿಗೆ ಹಾಕೋದು. ಎಪ್ಪತ್ತೆಂಟು ವರ್ಷದ ತಾಯಿ ಮುಂದೆ ಅದನ್ನ ಹಾಕೋಕೆ ಮನಸು ಬರಲಿಲ್ಲ. ನನ್ನ ಹತ್ರ ಇರೋದ್ರಲ್ಲಿ ಒಳ್ಳೇ ಬಟ್ಟೆ ಇದೊಂದೇ."

"ಅದಕ್ಕೆ ನನ್ನ ಅಳತೇನೂ ಕೇಳಿದ್ಯಾ?"

"ಬಾಯಿ ತಪ್ಪಿ ಕೇಳಿಬಿಟ್ಟೆ ಅಮ್ಮ. ಎಷ್ಟು ವರ್ಷದಿಂದ ಅದೊಂದೇ ಕೇಳಿ ಕೇಳಿ." ಅವರು ಅಂಗಡಿಯೊಳಗಿನ ಮಿಷನ್ನಿನ ಕಡೆ ನೋಡಿದರು. "ನಾನು ಹೊಲೀತೀನಿ, ಮುಚ್ಚಳ ಹಾಕ್ತಾರೆ, ಮಣ್ಣು ಹಾಕ್ತಾರೆ. ಚೆನ್ನಾಗಿದೆ ಅಂತ ಯಾರು ಹೇಳ್ತಾರೆ? ವಕ್ರ ಆಗಿದೆ ಅಂತ ಬಯ್ಯೋರೂ ಇಲ್ಲ. ಕಾರು ಬಂತಲ್ಲ, ಕಣ್ಣು ಬಿಟ್ಟುಕೊಂಡು ನೋಡೋರು ಕೂತ್ಕೋತಾರೆ ಅಂತ ರಾತ್ರಿ ಹಗಲು ಕೂತು ಮಾಡಿದೆ. ತಪ್ಪಾಯ್ತು. ಬಿಚ್ಚಿಬಿಡ್ತೀನಿ, ಒಂದು ಗಂಟೆ ಕೆಲಸ."

ಒಳಗೆ ಹೋಗಿ ಬ್ಲೇಡು ತಂದು ಬಾಗಿಲು ತೆಗೆದು ಬಗ್ಗಿದರು. ನನಗೆ ನಾಚಿಕೆಯಾಯಿತು. ಹೊಲಿಗೆ ನೋಡಿದಿರಾ ಎಂದು ಬಾಯಿಬಿಟ್ಟು ಕೇಳಿದ ಮನುಷ್ಯರಿಗೆ ನಾನು ಗಡಿಯಾರ ನೋಡಿಕೊಂಡು ಉತ್ತರ ಕೊಟ್ಟಿದ್ದೆ.

"ಕೈ ತೆಗಿ," ಅಂದಳು ಅಮ್ಮ.

ಅವರು ಕೈ ತೆಗೆದರು. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು. ಮೀಟರಿನ ಕಡೆಯಿಂದ ಶುರುಮಾಡಿ ಒಂದೊಂದೇ ಗೆರೆಯ ಮೇಲೆ ಬೆರಳು ನಡೆಸಿದಳು. ಅಕ್ಕಿಯಲ್ಲಿ ಕಲ್ಲು ಹುಡುಕುವಾಗ ಹೀಗೇ ಮಾಡುತ್ತಾಳೆ, ಅವಸರವಿಲ್ಲ. ಟೈಲರು ಬ್ಲೇಡು ಹಿಡಿದುಕೊಂಡೇ ನಿಂತಿದ್ದರು. ಪಕ್ಕದ ಬಡಗಿಯೂ ಕೈಕೆಲಸ ನಿಲ್ಲಿಸಿ ನೋಡುತ್ತಿದ್ದ. ನಾನೂ ಆಗ ಮೊದಲ ಬಾರಿ ಆ ಹೊಲಿಗೆಯನ್ನು ನೋಡಿದೆ. ಸ್ಕೇಲು ಇಟ್ಟು ಗೆರೆ ಎಳೆದರೂ ನನ್ನ ಕೈಯಲ್ಲಿ ಅಷ್ಟು ನೇರ ಬರುವುದಿಲ್ಲ.

"ಒಲಿಗೆ ಚೆನ್ನಾಗೈತೆ," ಅಂದಳು ಅಮ್ಮ. ಆಮೇಲೆ ಕೊನೆಯ ಸಾಲಿನ ಒಂದು ಗುಂಡಿಯನ್ನು ಹಿಡಿದು ಅಲ್ಲಾಡಿಸಿದಳು. "ಇದ್ ನೋಡು ಮಾತ್ರ ಸಡ್ಲ. ಇಷ್ಟೆಲ್ಲ ಮಾಡಿ ಇದೊಂದು ಯಾಕ್ ಇಂಗ್ ಬಿಟ್ಟೆ?"

ಟೈಲರು ಬಗ್ಗಿ ನೋಡಿದರು. "ಸಡಿಲಾನಾ?"

"ಅಲ್ಲಾಡ್ತಾ ಐತಲ್ಲಪ್ಪ, ಕಾಣಾಕಿಲ್ವಾ?"

"ಹೌದಮ್ಮ, ಸಡಿಲ," ಅಂದರು. ಗೆದ್ದವರ ಹಾಗೆ ಬಡಗಿಯ ಕಡೆ ತಿರುಗಿ ತಮಿಳಿನಲ್ಲಿ, ಗುಂಡಿ ಸಡಿಲವಂತೆ, ಅಮ್ಮ ಹೇಳುತ್ತಿದ್ದಾರೆ ಎಂದು ಕೂಗಿದರು. ಬ್ಲೇಡು ಎಸೆದು ಉದ್ದನೆಯ ಸೂಜಿ ತರಲು ಓಡಿದರು. ಅಮ್ಮ ಇಳಿಯಲಿಲ್ಲ. ಅವರು ಬಾಗಿಲಿನಲ್ಲಿ ಮೊಣಕಾಲೂರಿ ಹೊಲಿದರು, ಅವಳು ಮೇಲಿನಿಂದ "ಇನ್ನೊಸಿ ಬಿಗಿ, ಇನ್ನೊಸಿ, ಆಂ, ಸಾಕು ಸಾಕು, ಕಿತ್ತೋದಾತು" ಎಂದು ಹೇಳಿಕೊಟ್ಟಳು. ದಾರ ಕಚ್ಚಿ ಹರಿಯುವಾಗ ಅವರ ಕಣ್ಣಲ್ಲಿ ನೀರಿತ್ತು, ಬಾಯಿ ಮಾತ್ರ ನಗುತ್ತಿತ್ತು.

"ಮತ್ತೆ ಸಡಿಲ ಆದ್ರೆ ಬನ್ನಿ ಅಮ್ಮ," ಅಂದರು. ಆ ಮಾತನ್ನು ಎಷ್ಟೋ ವರ್ಷದಿಂದ ಯಾವ ಗಿರಾಕಿಗೂ ಹೇಳಿರಲಿಲ್ಲವೆಂದು ಹೇಳಿದ ಮೇಲೆ ಅವರಿಗೇ ಹೊಳೆದಿರಬೇಕು. ಇನ್ನೊಮ್ಮೆ ಹೇಳಿದರು, "ಬನ್ನಿ ಅಮ್ಮ."

"ಬತ್ತೀನಿ," ಅಂದಳು ಅಮ್ಮ.

ವಾಪಸು ಬರುವಾಗ ನಾನು ಧೈರ್ಯ ಮಾಡಿ ಕೇಳಿದೆ. "ಅಮ್ಮ, ಶಕುನ, ಗಿಕುನ...?"

"ಒಡಕು ಓಯ್ತಲ್ಲ, ಇನ್ನೇನು?" ಅಂದಳು. "ಬಟ್ಟೆಗೇನ್ ಗೊತ್ತು, ಕೂತಿರೋಳು ಬದುಕವ್ಳೋ ಸತ್ತವ್ಳೋ ಅಂತ." ಆಮೇಲೆ ಸೇವಂತಿಗೆಯ ಒಂದು ಮೊಳ ಮುರಿದು ತಾನು ಮುಡಿದುಕೊಂಡು, ಇನ್ನೊಂದನ್ನು ನನ್ನ ತಲೆಗೆ ಸಿಕ್ಕಿಸಿದಳು.

ಮರುದಿನ ಭಾನುವಾರ. ಬೂದಿಕೋಟೆಗೆ ಹೋಗಿ ಚಿಕ್ಕಮ್ಮನನ್ನು ಮಾತಾಡಿಸಿ, ಹಾಲು ತರಕಾರಿ ತುಂಬಿಕೊಂಡು ಹೊರಟೆವು. ದಾರಿಯುದ್ದಕ್ಕೂ ಅಮ್ಮ ರಾಗಿಯ ಎತ್ತರ ಹೇಳುತ್ತಾ ಬಂದಳು, ಆದರೆ ಅವಳ ಬಲಗೈ ಡ್ಯಾಶ್‌ಬೋರ್ಡಿನ ಮೇಲೇ ಇತ್ತು. ಬಂಗಾರಪೇಟೆ ಹತ್ತಿರ ಬಂದಾಗ ಓರೆಗಣ್ಣಿನಲ್ಲಿ ನೋಡಿದೆ. ನಿನ್ನೆಯಷ್ಟೇ ಬಿಗಿ ಮಾಡಿಸಿದ ಆ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು, ಒಂದೇ ಸಮನೆ ತಿರುಚುತ್ತಿದ್ದಳು.

"ಅಮ್ಮ! ಯಾಕೆ ಕೀಳ್ತಿದ್ದೀಯ ಅದನ್ನ?"

"ಸಡ್ಲ ಆಗ್ದಿದ್ರೆ," ಅಂದಳು ಅಮ್ಮ, ಕೈ ನಿಲ್ಲಿಸದೆ, "ಅಲ್ಲಿಗೆ ಏನಂತ ಓಗೋದು?"

ನಾನು ಮನೆಯ ಕಡೆ ತಿರುಗದೆ ಕೆ.ಜಿ.ಎಫ್. ರಸ್ತೆಗೆ ಕಾರು ತಿರುಗಿಸಿದೆ.